ಸೆಟ್ಟಿನ ದೋಷ

ಗೆಂಡೆಹಳ್ಳಿಯ ಮೇಷ್ಟ್ರು ಬರೆದ ಕಾರ್ಡುಗಳನ್ನು ನಾನು ಹರಿದು ಬುಟ್ಟಿಗೆ ಹಾಕಲಿಲ್ಲ. ಹಾಕಿದ್ದರೆ ಎಷ್ಟೋ ವಾಸಿಯಿತ್ತು. ಒಂದೊಂದನ್ನೂ ಓದಿದೆ, ತಾರೀಕು ನೋಡಿ ರಿಜಿಸ್ಟರಿಗೆ ಹತ್ತಿಸಿದೆ, ಒಂದನ್ನೂ ಬಿಡದೆ ಉತ್ತರ ಬರೆದೆ. ನಾನು ಮಾಡಿದ ಅನ್ಯಾಯವೆಲ್ಲ ಆ ಅಚ್ಚುಕಟ್ಟಿನಲ್ಲೇ ಇದೆ. ಇವತ್ತಿಗೂ ಯಾರಾದರೂ ನನ್ನ ಕೈಬರಹವನ್ನು ಹೊಗಳಿದರೆ ನನಗೆ ಮೈ ಉರಿಯುತ್ತದೆ.

ನಾನಿದ್ದದ್ದು ಒಂದು ರೇಡಿಯೋ ನಿಲಯದಲ್ಲಿ, ತಾಂತ್ರಿಕ ವಿಭಾಗದಲ್ಲಿ. ಈಗ ಕಾರಿನಲ್ಲಿ ಕೇಳುವ ಎಫ್‌ಎಂ ಅಲ್ಲ, ಹಳೆಯ ಎಎಂ. ಅಜ್ಜಂದಿರು ಕಿವಿಗೆ ಸೆಟ್ಟು ಆನಿಸಿಕೊಂಡು, ಮುಳ್ಳನ್ನು ಒಂದು ಎಳೆ ಆಚೆಗೆ ಒಂದು ಎಳೆ ಈಚೆಗೆ ತಿರುಗಿಸುತ್ತ ಹುಡುಕುತ್ತಿದ್ದರಲ್ಲ, ಅದು. ಅರಸೀಕೆರೆಯ ಹೊರಗೆ ತೆಂಗಿನ ತೋಟಗಳು ಮುಗಿಯುವಲ್ಲಿ ಒಂದು ಬಯಲು. ಅಲ್ಲಿ ನಮ್ಮ ಟವರು. ಬಹಳ ಜನ ಟವರಿನ ತುದಿಯಲ್ಲಿ ಏನೋ ಯಂತ್ರ ಕೂತಿರುತ್ತದೆ ಎಂದುಕೊಂಡಿದ್ದಾರೆ. ಎಎಂನಲ್ಲಿ ಹಾಗಲ್ಲ, ಇಡೀ ಟವರೇ ಬಾಯಿ. ಅದರ ಬುಡದಿಂದ ನಾಲ್ಕೂ ದಿಕ್ಕಿಗೆ ಮಣ್ಣಿನಡಿ ತಾಮ್ರದ ತಂತಿಗಳು ಮರದ ಬೇರುಗಳ ಹಾಗೆ ಹರಡಿರುತ್ತವೆ. ಆ ತಂತಿಗಳು ಹಾಳಾದರೆ ಟವರು ಎಷ್ಟೇ ಎತ್ತರವಿದ್ದರೂ ದನಿ ದೂರ ಹೋಗುವುದಿಲ್ಲ. ನಾನು ಅಲ್ಲಿಗೆ ಬಂದಾಗ ಅರ್ಧ ತಂತಿಗೆ ಕಿಲುಬು ಹಿಡಿದಿತ್ತು. ಉಳಿದರ್ಧದಲ್ಲಿ ಸುಮಾರನ್ನು ಯಾರೋ ಪುಣ್ಯಾತ್ಮರು ಅಗೆದುಕೊಂಡು ಹೋಗಿದ್ದರು.

ಎಎಂ ಟವರುಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದ ಕಾಲ ಅದು. ನಮ್ಮದೂ ಮುಚ್ಚುತ್ತದೆ ಎಂಬ ಸುದ್ದಿ ವರ್ಷಕ್ಕೆರಡು ಸಲ ಬಂದು ಹೋಗುತ್ತಿತ್ತು. ನಿಲಯದ ಮುಖ್ಯಸ್ಥರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಅಂಜುಬುರುಕ. ಒಂದು ದಿನ ನನ್ನನ್ನು ಕರೆದು ಕೂರಿಸಿ, "ನೋಡಮ್ಮ, ಜಾಹೀರಾತು ಬರದೆ ಇದ್ರೆ ನಮಗೆ ಉಳಿಗಾಲ ಇಲ್ಲ. ಮಂಡಿಯವರು ಕೇಳ್ತಾರೆ, ನಿಮ್ಮ ರೇಡಿಯೋ ಎಲ್ಲೀವರೆಗೆ ಕೇಳ್ಸುತ್ತೆ ಅಂತ. ನಾನೇನು ಹೇಳ್ಲಿ? ಗಾಳಿ ಬೀಸಿದಷ್ಟು ದೂರ ಅನ್ಲಾ?" ಎಂದರು. ಉತ್ತರ ನನ್ನ ಬಳಿ ಮೊದಲೇ ಸಿದ್ಧವಿತ್ತು. ತಿಂಗಳುಗಟ್ಟಲೆ ಲೆಕ್ಕ ಹಾಕಿ ಕಡತ ಮಾಡಿಟ್ಟಿದ್ದೆ. ತಂತಿಗಳನ್ನು ಹೊಸದಾಗಿ ಹೂಳುವುದು, ಹಳೆಯ ಟವರಿನ ಪಕ್ಕದಲ್ಲಿ ಅಳತೆಗೆ ಸರಿಯಾಗಿ ಎರಡನೆಯದೊಂದು ಟವರು ನಿಲ್ಲಿಸುವುದು, ಎರಡನ್ನೂ ಜೋಡಿಸಿ ದನಿಯನ್ನು ಕೊಬ್ಬರಿ ಮಂಡಿಗಳೂ ಎಣ್ಣೆ ಗಿರಣಿಗಳೂ ಇರುವ ಪೂರ್ವದ ಕಡೆಗೆ ಜೋರಾಗಿ ತಳ್ಳುವುದು. ನೀರಿನ ಪೈಪಿನ ಬಾಯಿಗೆ ಬೆರಳಿಟ್ಟರೆ ಒಂದು ಕಡೆ ದೂರಕ್ಕೆ ಚಿಮ್ಮುತ್ತದಲ್ಲ, ಹಾಗೆ.

ಬೆರಳಿಟ್ಟ ಕಡೆ ಏನಾಗುತ್ತದೆ ಎಂದು ಸಾಹೇಬರು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪಶ್ಚಿಮಕ್ಕೆ, ಬೇಲೂರಿನಾಚೆ ಒಂದು ಪಟ್ಟಿಯಷ್ಟು ಜಾಗದಲ್ಲಿ ದನಿ ಇಳಿಯುತ್ತದೆ ಎಂದು ನನ್ನ ಲೆಕ್ಕದಲ್ಲೇ ಬಂದಿತ್ತು. ಬೇಲೂರು ತಾಲ್ಲೂಕಿನದೇ ಆದ ಗೆಂಡೆಹಳ್ಳಿ ಆ ಪಟ್ಟಿಯೊಳಗಿತ್ತು. ಮೊಬೈಲು ಬಂದ ಮೇಲೆ ಅಲ್ಲಿ ಎಎಂ ಕೇಳುವವರು ಎಷ್ಟು ಜನ ಇದ್ದಾರು ಎಂದು ನನಗೆ ನಾನೇ ಹೇಳಿಕೊಂಡೆ.

ಒಬ್ಬರು ಇದ್ದರು. ಅವರನ್ನು ನಾನೇ ಹುಡುಕಿ ನೇಮಿಸಿದ್ದೆ.

ನಮ್ಮ ನಿಲಯದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಹೋಬಳಿಗೂ ಒಬ್ಬ ಕೇಳುಗ ಪ್ರತಿನಿಧಿ. ಸಂಬಳವಿಲ್ಲ, ಭತ್ಯೆಯಿಲ್ಲ, ಅಂಚೆ ವೆಚ್ಚ ಕಟ್ಟಿದ ಒಂದು ಕಟ್ಟು ಕಾರ್ಡು ಮಾತ್ರ. ದಿನಾ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಸೆಟ್ಟು ಹಾಕಿ, 'ಸ್ಪಷ್ಟ', 'ಗದ್ದಲ', 'ಕೇಳಿಸಲಿಲ್ಲ' ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ವಾರ ತುಂಬಿದ ಮೇಲೆ ಅಂಚೆ ಡಬ್ಬಿಗೆ ಹಾಕಬೇಕು. ಹಗರೆಯಲ್ಲಿ ಒಬ್ಬರಿದ್ದರು, ಏಳು ದಿನಕ್ಕೂ ಒಂದೇ ಸಲ ಗೀಟು ಎಳೆದು 'ಸ್ಪಷ್ಟ' ಎಂದು ಕಳಿಸುತ್ತಿದ್ದರು. ಆ ವಾರದಲ್ಲಿ ಎರಡು ದಿನ ನಮ್ಮ ಯಂತ್ರವೇ ಕೆಟ್ಟು ಮಲಗಿದ್ದರೂ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಗೆಂಡೆಹಳ್ಳಿಯವರು ಬೇರೆ ಜಾತಿಯ ಮನುಷ್ಯ. ಹಾರ್ಮೋನಿಯಂ ಮೇಷ್ಟ್ರು ಅವರು. ಬೇಲೂರು ಹಳೇಬೀಡು ಸುತ್ತಿನ ಊರುಗಳಲ್ಲಿ ಪೌರಾಣಿಕ ನಾಟಕ ಕಟ್ಟಬೇಕೆಂದರೆ ಇವರನ್ನು ಕರೆಸುತ್ತಿದ್ದರು. ಎರಡು ಮೂರು ತಿಂಗಳು ದಿನಾ ಸಂಜೆ ಆ ಊರಿಗೆ ಹೋಗಿ, ರಾಗಿ ಹೊಲದಿಂದ ನೇರ ಬಂದ ಗಂಡಸರಿಗೆ ಕಂದ, ವೃತ್ತ, ಮಾತು ಎಲ್ಲ ಕಲಿಸಿ, ಶ್ರುತಿ ತಪ್ಪಿದರೆ ಹಾರ್ಮೋನಿಯಂ ನಿಲ್ಲಿಸಿ ಕಣ್ಣು ಬಿಟ್ಟು ನೋಡುತ್ತಿದ್ದರಂತೆ. ಬೈಗುಳವಿಲ್ಲ. ಆ ನೋಟಕ್ಕೇ ದುರ್ಯೋಧನನ ಪಾತ್ರಧಾರಿಗಳೂ ನಡುಗುತ್ತಿದ್ದರೆಂದು ಕೇಳಿದ್ದೇನೆ.

ಒಂದು ಮಳೆಗಾಲ ಅವರ ಕಾರ್ಡಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು: 'ವಾರ್ತೆಯ ಹಿಂದೆ ಗುಂಯ್ ಎಂಬ ಸದ್ದು ಇದೆ. ನನ್ನ ಪೆಟ್ಟಿಗೆಯ ಬಿಳಿ ಐದಕ್ಕಿಂತ ಕೂದಲೆಳೆಯಷ್ಟು ಮೇಲೆ.' ಪೆಟ್ಟಿಗೆಯೆಂದರೆ ಹಾರ್ಮೋನಿಯಂ, ಬಿಳಿ ಐದು ಅದರ ಐದನೆಯ ಬಿಳಿ ಮನೆ. ನಾವು ಆಫೀಸಿನಲ್ಲಿ ಓದಿ ನಕ್ಕೆವು. ಆಮೇಲೆ ಯಾಕೋ ಅನುಮಾನ ಬಂದು ಯಂತ್ರ ಬಿಚ್ಚಿ ನೋಡಿದರೆ, ವಿದ್ಯುತ್ತನ್ನು ಸೋಸುವ ಒಂದು ಭಾಗ ಸೋತು ಹೋಗಿ, ಕರೆಂಟಿನ ಗುಂಯ್‌ಗುಡುವಿಕೆ ಪ್ರಸಾರಕ್ಕೆ ಸೇರುತ್ತಿತ್ತು. ಅಳೆದೆ. ಅವರು ಬರೆದ ಸ್ವರ, ಆ ಕೂದಲೆಳೆ ಸಮೇತ, ಸರಿಯಾಗಿತ್ತು. ನಮ್ಮ ಬೀರುವಿನಲ್ಲಿದ್ದ ಉಪಕರಣಗಳು ಹೇಳದ್ದನ್ನು ಗೆಂಡೆಹಳ್ಳಿಯ ಒಂದು ಜಗಲಿ ಹೇಳಿತ್ತು. ಆ ಮನುಷ್ಯನ ಕಿವಿ ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲೇ ಯಾರೂ ಇರಲಿಲ್ಲ. ಇದನ್ನು ಓದುವವರು ನೆನಪಿಡಬೇಕು, ಯಾಕೆಂದರೆ ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಎರಡನೆಯ ಟವರು ಎದ್ದಿತು. ಹೊಸ ತಂತಿಗಳನ್ನು ಹೂಳಿದೆವು. ಆ ದಿನಗಳಲ್ಲಿ ನಾನು ಮಣ್ಣಿನಲ್ಲಿ ಮಂಡಿಯೂರಿ ಬೆಸುಗೆ ಹಾಕಿಸಿದ್ದೇನೆ, ಗುತ್ತಿಗೆದಾರನ ಜೊತೆ ಜಗಳವಾಡಿದ್ದೇನೆ, ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದೇನೆ. ಅದು ನನ್ನ ಟವರು. ಹಾಗೇ ಅನ್ನುತ್ತಿದ್ದೆ, ಆಫೀಸಿನವರು ನಗುತ್ತಿದ್ದರು. ಪ್ರಸಾರ ಶುರುವಾದ ವಾರ ಜೀಪಿನಲ್ಲಿ ಮೀಟರು ಇಟ್ಟುಕೊಂಡು ಊರೂರು ಸುತ್ತಿದೆ. ಅರಸೀಕೆರೆ ಕಡೆ ಮುಳ್ಳು ಎದ್ದು ಕುಣಿಯಿತು. ಹಳೇಬೀಡಿನಲ್ಲಿ ಪರವಾಗಿಲ್ಲ. ಬೇಲೂರು ಪೇಟೆಯಲ್ಲಿ ಸಾಧಾರಣ. ಗೆಂಡೆಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಜೀಪು ನಿಲ್ಲಿಸಿ ಇಂಜಿನ್ ಆರಿಸಿ ನೋಡಿದರೆ ಮುಳ್ಳು ಮಲಗಿತ್ತು. ಮೀಟರನ್ನು ತಟ್ಟಿದೆ. ಇನ್ನೊಂದು ದಿಕ್ಕಿಗೆ ತಿರುಗಿಸಿದೆ. ಮಲಗಿಯೇ ಇತ್ತು. ಮೇಷ್ಟ್ರ ಮನೆ ಅಲ್ಲಿಂದ ಕೂಗಳತೆ ದೂರ. ಹೋಗಿ ಮಾತಾಡಿಸಿ ಬರಬಹುದಿತ್ತು, ಹೋಗಲಿಲ್ಲ.

ನಕ್ಷೆ ಮಾಡುವುದು ಉಳಿದಿತ್ತು. ಅರಸೀಕೆರೆ, ಹಳೇಬೀಡು, ಬೇಲೂರು ಮೂರೂ ಕಡೆಯ ಹೋಬಳಿಗಳನ್ನು ಬಿಡಿಸಿ, ಚೆನ್ನಾಗಿ ಕೇಳುವ ಹೋಬಳಿಗೆ ಹಸಿರು ತುಂಬುವ ನಕ್ಷೆ. ಅದನ್ನು ಹಿಡಿದೇ ಸಾಹೇಬರು ಜಾಹೀರಾತು ಕೇಳಲು ಹೋಗುವುದು. ಬೇಲೂರಿನ ಲಾಡ್ಜಿನವರು, ಹಳೇಬೀಡಿನ ಹೋಟೆಲಿನವರು ಖಡಾಖಂಡಿತವಾಗಿ ಹೇಳಿದ್ದರು: ತಾಲ್ಲೂಕು ಪೂರ್ತಿ ಕೇಳುವುದಾದರೆ ಮಾತ್ರ ಬರುತ್ತೇವೆ, ಅರ್ಧಂಬರ್ಧಕ್ಕೆ ಅಲ್ಲ. ನಮ್ಮ ನಿಯಮದ ಪ್ರಕಾರ ಹೋಬಳಿಯ ಬಣ್ಣ ನಿರ್ಧಾರವಾಗುವುದು ಮೀಟರಿನಿಂದಲ್ಲ, ಕಾರ್ಡಿನಿಂದ. ಮೀಟರು ಒಂದು ದಿನದ ಸುದ್ದಿ ಹೇಳುತ್ತದೆ, ಕಾರ್ಡು ವರ್ಷದ್ದು ಹೇಳುತ್ತದೆ ಎಂದು ಹಿಂದಿನವರು ಯೋಚಿಸಿ ಮಾಡಿದ ನಿಯಮ.

ಗೆಂಡೆಹಳ್ಳಿಯ ಕಾರ್ಡು ಬಂತು. ಏಳು ದಿನ, ಏಳು ಬಾರಿ 'ಕೇಳಿಸಲಿಲ್ಲ'.

ರಿಜಿಸ್ಟರಿನಲ್ಲಿ ಕೊನೆಗೆ ಒಂದು ಕಾಲಂ ಇತ್ತು, 'ಸೆಟ್ಟಿನ ದೋಷ' ಎಂದು. ಬ್ಯಾಟರಿ ಮುಗಿದಿದ್ದರೆ, ಸೆಟ್ಟು ಕೆಳಗೆ ಬಿದ್ದು ಒಡೆದಿದ್ದರೆ, ಇಲಿ ತಂತಿ ಕಡಿದಿದ್ದರೆ ಆ ಕಾರ್ಡನ್ನು ಈ ಕಾಲಮಿಗೆ ಹಾಕಬೇಕು. ಇಲ್ಲಿಗೆ ಬಂದ ಕಾರ್ಡು ಎಣಿಕೆಗೆ ಸೇರುವುದಿಲ್ಲ, ವರ್ಷದ ಉಳಿದ ಕಾರ್ಡುಗಳಿಂದಲೇ ಬಣ್ಣ ತೀರ್ಮಾನವಾಗುತ್ತದೆ; ಗೆಂಡೆಹಳ್ಳಿಯ ಹಳೆಯ ಕಾರ್ಡುಗಳಲ್ಲಿ ಹೆಚ್ಚಿನವು 'ಸ್ಪಷ್ಟ'. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆ ಎಂದು ಹೇಳಿದರೆ ನನಗೇನೋ ಹಿಂಜರಿಕೆ ಇತ್ತು ಅಂದುಕೊಳ್ಳುತ್ತೀರಿ. ಇರಲಿಲ್ಲ. ಟೀ ಕುಡಿಯುತ್ತ ಗೀಟು ಹಾಕಿದೆ. ನನ್ನ ಟವರಿಗೆ ಹೆಸರು ಕೆಡಿಸಲು ಬಂದ ಕಾರ್ಡು ಎಂದು ಸಿಟ್ಟು ಕೂಡ ಬಂದಿತ್ತು. ಸಾಹೇಬರು, "ಗೆಂಡೆಹಳ್ಳಿ ಕಡೆ ಹೆಂಗಿದೆಯಮ್ಮ?" ಎಂದು ಕೇಳಿದಾಗ, "ಸೆಟ್ ಸರಿ ಇದ್ರೆ ಕೇಳ್ಸುತ್ತೆ ಸರ್" ಎಂದೆ. ಅವರು ನಂಬಿದರು. ಅವರ ಮೇಲೆ ತಪ್ಪು ಹೊರಿಸಲು ನನಗೆ ಯಾವ ದಾರಿಯೂ ಇಲ್ಲ.

ಕಾಲಮಿಗೆ ಹಾಕಿದರೆ ಪ್ರತಿನಿಧಿಗೆ ತಿಳಿಸಬೇಕೆಂಬುದೂ ನಿಯಮ. ಅಚ್ಚು ಹಾಕಿದ ಕಾಗದ, ನಡುವಿನ ಖಾಲಿ ಜಾಗದಲ್ಲಿ ಕೈಬರಹ, ಕೆಳಗೆ ನಿಲಯದ ಸೀಲು. ಬರೆದವರ ಹೆಸರು ಇರುವುದಿಲ್ಲ. ನನ್ನ ಅಕ್ಷರ ಚೆನ್ನಾಗಿದೆ ಎಂದು ಆ ಕೆಲಸ ಯಾವಾಗಲೂ ನನ್ನದೇ. 'ತಮ್ಮ ಸೆಟ್ಟಿನಲ್ಲಿ ದೋಷವಿರುವಂತೆ ಕಂಡುಬರುತ್ತದೆ, ದಯವಿಟ್ಟು ಪರೀಕ್ಷಿಸಿಕೊಳ್ಳುವುದು' ಎಂದು ಬರೆದೆ.

ಅವರು ಸೆಟ್ಟನ್ನು ಬೇಲೂರಿಗೆ ಒಯ್ದು ರಿಪೇರಿಯವನಿಗೆ ತೋರಿಸಿದರು. ಮುಂದಿನ ಕಾರ್ಡಿನ ಅಂಚಿನಲ್ಲಿ ಬರೆದಿದ್ದರು: 'ಸೆಟ್ಟು ಸರಿ ಇದೆಯಂತೆ. ಬೇರೆ ನಿಲಯಗಳು ಚೆನ್ನಾಗಿ ಬರುತ್ತಿವೆ. ತಮ್ಮದು ಮಾತ್ರ ಇಲ್ಲ.' ಇದಕ್ಕಿಂತ ಬಿಡಿಸಿ ಯಾರು ಹೇಳಬೇಕಿತ್ತು? ಇದನ್ನೂ ಅದೇ ಕಾಲಮಿಗೆ ಹಾಕಿ, ಬೇರೆ ಸೆಟ್ಟಿನಲ್ಲಿ ಪ್ರಯತ್ನಿಸಿ ಎಂದು ಬರೆದೆ. ತಿಂಗಳು ಕಳೆದು ಮತ್ತೊಂದು ಕಾರ್ಡು. ಹೊಸ ಸೆಟ್ಟು ತಂದಿದ್ದಾರೆ. ಅದರಲ್ಲೂ ಕೇಳಿಸುವುದಿಲ್ಲ. ಅಂದು ನಕ್ಷೆ ಅಚ್ಚಿಗೆ ಹೋಗಬೇಕಿತ್ತು. ನನಗೆ ತಲೆ ಕೆಟ್ಟಿತ್ತು. ಈ ಮನುಷ್ಯ ಬಿಡುವುದಿಲ್ಲವಲ್ಲ ಎಂದು ಹಲ್ಲು ಕಡಿದು ಬರೆದೆ: 'ತಮ್ಮ ಹೋಬಳಿಯಲ್ಲಿ ನಮ್ಮ ಪ್ರಸಾರ ಉತ್ತಮವಾಗಿ ಕೇಳಿಸುತ್ತಿರುವುದು ದಾಖಲಾಗಿದೆ. ತಾವು ಒಮ್ಮೆ ಕಿವಿಯನ್ನು ತೋರಿಸಿಕೊಳ್ಳುವುದು ಒಳಿತು.' ಸೀಲು ಒತ್ತಿದೆ. ಶಾಯಿ ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಒತ್ತಿದೆ.

ಆಮೇಲೆ ಒಂದೇ ಒಂದು ಕಾರ್ಡು ಬಂತು. ಗುರುತುಗಳಿಲ್ಲ, ಬರೀ ನಾಲ್ಕು ಸಾಲು. 'ಪ್ರತಿನಿಧಿಯ ಕೆಲಸ ಇನ್ನು ನನ್ನಿಂದ ಆಗುವುದಿಲ್ಲ. ಕಿವಿ ಸೋತಿದೆ. ಇಷ್ಟು ದಿನ ತಪ್ಪು ವರದಿ ಕಳಿಸಿ ತಮಗೆ ತೊಂದರೆ ಕೊಟ್ಟಿದ್ದೇನೆ. ಕ್ಷಮಿಸಬೇಕು.'

ನನಗೆ ಆಗ ಆದದ್ದು ನಿರಾಳ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಬ್ಬ, ತೊಲಗಿತು ಅಂದುಕೊಂಡೆ. ಗೆಂಡೆಹಳ್ಳಿಗೆ ಹಸಿರು ತುಂಬಿತು. ಲಾಡ್ಜಿನವರು ಬಂದರು, ಗಿರಣಿಯವರು ಬಂದರು. ಸಾಹೇಬರು ಎಲ್ಲರಿಗೂ ಖಾರಾಬಾತು ಕೇಸರಿಬಾತು ತರಿಸಿ, "ನಿಲಯ ಉಳೀತು ಅಂದ್ರೆ ಈ ಯಮ್ಮನಿಂದ ಕಣ್ರೀ" ಎಂದು ಎಲ್ಲರೆದುರು ಹೇಳಿದರು. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡೆ.

ವರ್ಷ ದಾಟಿರಬೇಕು. ಹಳೇಬೀಡಿನ ಕಡೆ ಅಳತೆಗೆ ಹೋದವಳು ಬಸ್ತಿಹಳ್ಳಿಯಲ್ಲಿ ಜೀಪು ನಿಲ್ಲಿಸಿದ್ದೆ. ಭಾನುವಾರ, ಬೆಳಗಿನ ಹೊತ್ತು. ಬಸದಿಯಿಂದ ಸ್ವಲ್ಪ ದೂರದ ಒಂದು ಶೆಡ್ಡಿನಲ್ಲಿ ನಾಟಕದ ಅಭ್ಯಾಸ ನಡೆದಿತ್ತು. ಹಾಡು ಒಂದು ದಾರಿ, ಸಂಗೀತ ಒಂದು ದಾರಿ. ಇಣುಕಿ ನೋಡಿದರೆ ಹಾರ್ಮೋನಿಯಂ ಇಲ್ಲ. ಕೀಬೋರ್ಡು, ಅದೂ ತನ್ನಷ್ಟಕ್ಕೆ ತಾನೇ ತಾಳ ಹಾಕುವಂಥದ್ದು. ಹೊರಗೆ ಬೀಡಿ ಸೇದುತ್ತಿದ್ದ, ಭೀಮನ ಪಾತ್ರವೋ ಏನೋ ಮಾಡುವಂತಿದ್ದ ದಪ್ಪನೆಯ ಗಂಡಸನ್ನು ಸುಮ್ಮನೆ ಕೇಳಿದೆ, "ಗೆಂಡೆಹಳ್ಳಿ ಮೇಷ್ಟ್ರು ಬರಲ್ವಾ ಈಗ?"

"ಎಲ್ ಬತ್ತಾರೆ ಮೇಡಂ. ಅವ್ರು ಬಿಟ್ಟು ವರ್ಷ ಆಯ್ತು. ನಾವು ಹೋಗಿ ಕಾಲು ಹಿಡಿದ್ವಿ. ಕಿವಿ ಹೋಗೈತೆ, ನಿಮಗೆ ತಪ್ಪು ಶ್ರುತಿ ಕಲಿಸಿ ಪಾಪ ಕಟ್ಕಳಲ್ಲ ಅಂದ್ರು."

"ಕಿವಿ ಹೋಗಿದೆ ಅಂತ ಯಾರು ಹೇಳಿದ್ರು?"

"ರೇಡಿಯೋದೋರೇ ಕಾಗದ ಬರ್ದವ್ರಂತೆ. ಸೀಲು ಹಾಕಿ."

ನಾನು ಜೀಪಿಗೆ ಬಂದು ಕೂತೆ. ಡ್ರೈವರು ಎಲ್ಲಿಗೆ ಎಂದು ಎರಡು ಸಲ ಕೇಳಿದ. ಆ ಕ್ಷಣವೇ ಗೆಂಡೆಹಳ್ಳಿಗೆ ತಿರುಗಿಸು ಅನ್ನಬೇಕಿತ್ತು. ಅರಸೀಕೆರೆಗೆ ನಡಿ ಎಂದೆ. ಇನ್ನೂ ಎರಡು ತಿಂಗಳು ಹೋಗಲಿಲ್ಲ. ತಪ್ಪು ಗೊತ್ತಾಗದೆ ಕಳೆದ ಕಾಲಕ್ಕೆ ಏನಾದರೂ ನೆಪ ಹೇಳಬಹುದೇನೋ. ಗೊತ್ತಾದ ಮೇಲೂ ಉಂಡು ಮಲಗಿ ಕಳೆದ ಆ ಎರಡು ತಿಂಗಳಿಗೆ ನನ್ನ ಬಳಿ ಯಾವ ನೆಪವೂ ಇಲ್ಲ.

ಅವರೆಕಾಯಿ ಕಾಲದಲ್ಲಿ ಹೋದೆ. ಆಫೀಸಿನ ಜೀಪು ಬೇಡವೆಂದು ಬಸ್ಸಿನಲ್ಲಿ. ರಸ್ತೆಗೆ ಹತ್ತಿರದ ಹೆಂಚಿನ ಮನೆ. ಜಗಲಿಯ ಮೇಲೆ ಮೇಷ್ಟ್ರ ಹೆಂಡತಿ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ಮೇಷ್ಟ್ರು ಗೋಡೆಗೊರಗಿ ಕೂತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು ಎದ್ದರು.

"ರೇಡಿಯೋ ಮೇಡಮ್ಮೋರು! ಬನ್ನಿ, ಬನ್ನಿ. ಲೇ, ಕಾಫಿ ಇಡು. ಸ್ವಲ್ಪ ಗಟ್ಟಿಯಾಗಿ ಮಾತಾಡಿ ಮೇಡಂ, ನನಗೆ ಈಚೆಗೆ ಸರಿಯಾಗಿ ಕೇಳಕಿಲ್ಲ."

ನಾನು ಮೆಲ್ಲಗೇ ಮಾತಾಡುತ್ತಿದ್ದೆ. ಅವರಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

"ನಿಮ್ಮ ಕಿವಿಗೆ ಏನೂ ಆಗಿಲ್ಲ ಮೇಷ್ಟ್ರೇ. ನಮ್ಮ ಪ್ರಸಾರವೇ ಈ ಕಡೆ ಬರ್ತಿಲ್ಲ. ಎರಡನೇ ಟವರು ಹಾಕಿದ ಮೇಲೆ ಬರ್ತಿಲ್ಲ. ನೀವು ಬರೆದದ್ದೇ ಸರಿ."

ಅವರು ನಕ್ಕರು. "ಸಮಾಧಾನಕ್ಕೆ ಹೇಳ್ತೀರಿ. ಇಷ್ಟು ದೂರ ಬಂದ್ರಲ್ಲ, ನಿಮ್ಮ ಒಳ್ಳೇತನ. ನಮ್ಮ ಗುರುಗಳಿಗೂ ಹಿಂಗೇ ಆಗಿತ್ತು. ಮೊದ್ಲು ಒಂದು ಸ್ವರ ಹೋಯ್ತು, ಆಮೇಲೆ ಇನ್ನೊಂದು. ಎಲ್ಲ ಒಂದೇ ಸಲ ಹೋಗಕಿಲ್ಲ. ಊರಿಗೆಲ್ಲ ಕೇಳೋದು ನನಗೆ ಕೇಳದೆ ಇದ್ರೆ ಅದು ಶುರುವಾಗೈತೆ ಅಂತಲೇ."

"ನಂಗೂ ಕೇಳ್ತಿರಲಿಲ್ಲ ಅಂತ ಬಡ್ಕಂಡೆ ಕಣವ್ವ," ಎಂದರು ಹೆಂಡತಿ, ಕಾಫಿ ಲೋಟ ಕೆಳಗಿಡುತ್ತ. "ನಿನಗೆ ಯಾವತ್ತು ಸ್ವರ ಕೇಳ್ಸಿತ್ತು ಅಂದ್ರು."

ಬೇರೆ ಯಾರನ್ನಾದರೂ ಕೇಳಲಿಲ್ಲವೇ ಎಂದೆ. ಕೇಳುವುದಕ್ಕೆ ಊರಿನಲ್ಲಿ ಇನ್ಯಾರ ಮನೆಯಲ್ಲೂ ರೇಡಿಯೋ ಇರಲಿಲ್ಲವಂತೆ. ಮತ್ತೆ ಮತ್ತೆ ಹೇಳಿದೆ, ನೆಲದ ಮೇಲೆ ಬೆರಳಿನಲ್ಲಿ ಎರಡು ಟವರು ಬರೆದು ತೋರಿಸಿದೆ. ತಲೆಯಾಡಿಸಿದರು. ಕೊನೆಗೆ ನನ್ನನ್ನು ನೋಯಿಸಬಾರದೆಂಬ ದನಿಯಲ್ಲಿ, "ಬಾಯಿ ಮಾತು ಬಾಯಿ ಮಾತೇ ಮೇಡಂ. ಅದು ಸೀಲಿನ ಕಾಗದ. ನಿಲಯದೋರು ಸುಮ್ಸುಮ್ನೆ ಬರೀತಾರಾ? ನೀವು ಹೇಳ್ತಿರೋದು ದಿಟ ಅಂದ್ರೆ ಅದನ್ನೂ ಬರ್ದು ಕೊಡಿ. ನಾಟಕದೋರಿಗೆ ತೋರುಸ್ತೀನಿ" ಎಂದರು.

ಬರೆದು ಕೊಡುತ್ತೇನೆ ಎಂದು ಕಾಗದ ತೆಗೆದೆ. ಆಗಲಾದರೂ ಪೂರ್ತಿ ನಿಜ ಬರೆಯಬಹುದಿತ್ತು. ನನ್ನ ಕೈ ಏನು ಬರೆಯಿತು ಗೊತ್ತೇ? 'ಯಂತ್ರದ ದೋಷದಿಂದ ತಮ್ಮ ಹೋಬಳಿಗೆ ಪ್ರಸಾರ ತಲುಪುತ್ತಿರಲಿಲ್ಲ. ಕಚೇರಿಯಲ್ಲಿ ಇದು ಗಮನಕ್ಕೆ ಬಾರದೆ ತಪ್ಪು ಮಾಹಿತಿ ನೀಡಲಾಗಿದೆ.' ನೀಡಲಾಗಿದೆಯಂತೆ! ಯಾರು ನೀಡಿದರು? ಮೇಷ್ಟ್ರು ಕಾಗದ ಇಸಿದುಕೊಂಡು ತುಟಿಯಲ್ಲೇ ಓದಿಕೊಂಡರು. ಮುಖ ಅರಳುತ್ತ ಬಂತು. "ಯಂತ್ರದ್ದಾ? ಹಂಗಾದ್ರೆ ಯಾರ್ದೂ ತಪ್ಪಿಲ್ಲ ಬಿಡಿ" ಎಂದು ಕೈಮುಗಿದರು. ಬಂದು ತಿಳಿಸಿದ್ದಕ್ಕೆ ನನಗೆ ಕೈಮುಗಿದರು. ನಾನೂ ಮುಗಿದೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟಿದ್ದ ಮೂರು ಕಾಗದ ತಂದರು. ಗಂಡನ ಕೈಯಲ್ಲಿದ್ದುದನ್ನು ತೆಗೆದುಕೊಂಡು ಮೊರದ ಪಕ್ಕದಲ್ಲಿ ನಾಲ್ಕನ್ನೂ ಸಾಲಾಗಿ ಇಟ್ಟರು. ಬಗ್ಗಿ ನೋಡಿದರು. ಬೆರಳನ್ನು ಒಂದು ಅಕ್ಷರದಿಂದ ಇನ್ನೊಂದಕ್ಕೆ ಎಳೆದರು.

"ಇದೂ ನೀನೇ ಬರ್ದಿರೋದು, ಅದೂ ನೀನೇ ಬರ್ದಿರೋದು," ಎಂದರು.

ಕಾಗದಗಳಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಗೊತ್ತಿಲ್ದೆ ಬರ್ದ್ಯೋ, ಗೊತ್ತಿದ್ದು ಬರ್ದ್ಯೋ?"

"ಏ, ಸುಮ್ಕಿರೇ. ಮನೆಗೆ ಬಂದೋರನ್ನ..." ಎಂದರು ಮೇಷ್ಟ್ರು.

"ನೀವು ಸುಮ್ಕಿರಿ. ಪೆಟ್ಟಿಗೆ ಅಟ್ಟದ ಮೇಲೆ ಹಾಕಿದ ದಿನ ಈ ಮನುಷ್ಯ ಊಟ ಬಿಟ್ಟಿದ್ರು ಕಣವ್ವ. ಮೂರು ದಿನ. ಹೇಳು."

"ಗೊತ್ತಿದ್ದು ಬರೆದೆ," ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಮುಳ್ಳು ಮಲಗಿದ್ದನ್ನು ನಾನೇ ನೋಡಿದ್ದು, ಮನೆಯ ಕೂಗಳತೆಗೆ ಬಂದೂ ಮಾತಾಡಿಸದೆ ಹೋದದ್ದು, ನಕ್ಷೆ, ಲಾಡ್ಜು, ಕಾಲಂ, ಕೇಸರಿಬಾತು, ಬಸ್ತಿಹಳ್ಳಿ, ಆಮೇಲಿನ ಎರಡು ತಿಂಗಳು, ಎಲ್ಲ ಹೇಳಿದೆ. ಅಳು ಬಂತು. ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದಲ್ಲ ಎಂದು ನಾಚಿಕೆಯಾಗಿ ಕಣ್ಣು ಒರೆಸಿಕೊಂಡೆ. ಆ ಯಂತ್ರದ ದೋಷದ ಕಾಗದವನ್ನು ಹರಿದು, ಇನ್ನೊಂದರಲ್ಲಿ ಬರೆದೆ. ಈ ಸಲ 'ನಾನು' ಎಂದು ಶುರು ಮಾಡಿ, ಕೆಳಗೆ ನನ್ನ ಹೆಸರು ಹಾಕಿದೆ. ಸೀಲು ನನ್ನ ಬಳಿ ಇರಲಿಲ್ಲ.

ಮೇಷ್ಟ್ರು ಅದನ್ನು ಓದಲಿಲ್ಲ. ಮಡಿಚಿ ಹೆಂಡತಿಯ ಕೈಗೆ ಕೊಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಅನ್ನಿಸಿತ್ತು. ಅವರು ನನ್ನನ್ನು ನೋಡಿದರು. ನಾಟಕದವರು ಹೇಳುತ್ತಿದ್ದ ನೋಟ ಯಾವುದೆಂದು ಆಗ ನನಗೆ ತಿಳಿಯಿತು.

"ನನ್ನ ಕಿವಿ ಸರಿ ಐತೆ ಅಂತ ನಿಮಗೆ ಗೊತ್ತಿತ್ತು," ಎಂದರು. "ಊರಿಗೆಲ್ಲ ಗೊತ್ತಿಲ್ದೆ ಇದ್ರೂ ನಿಮಗೆ ಗೊತ್ತಿತ್ತು. ನಿಮ್ಮನ್ನ ನಂಬಿ ನಾನು ನನ್ನ ಕಿವೀನ ನಂಬೋದು ಬಿಟ್ಟೆ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಹೆಂಡತಿ ಮತ್ತೆ ಅವರೆಕಾಯಿ ಸುಲಿಯತೊಡಗಿದರು. ನಾನು ಕಾಫಿ ಮುಟ್ಟಿರಲಿಲ್ಲ, ಕೆನೆಗಟ್ಟಿತ್ತು. ಇದ್ದಕ್ಕಿದ್ದಂತೆ ಮೇಷ್ಟ್ರು ಕತ್ತನ್ನು ರಸ್ತೆಯ ಕಡೆಗೆ ವಾಲಿಸಿದರು.

"ಬೇಲೂರು ಬಸ್ಸು ಬತ್ತಾ ಐತೆ. ಹೊರಡಿ."

ಕಿವಿಗೊಟ್ಟೆ. ಏನೂ ಇಲ್ಲ. ಅವರೆಸಿಪ್ಪೆ ಬೀಳುವ ಸದ್ದು, ಎಲ್ಲೋ ಒಂದು ಕೋಳಿ. ನನ್ನನ್ನು ಕಳಿಸಲು ಮರ್ಯಾದೆಯಿಂದ ಹಾಗೆ ಹೇಳಿದರೆಂದು ತಿಳಿದು, ನಮಸ್ಕಾರ ಮಾಡಿ ರಸ್ತೆಗೆ ಬಂದು ನಿಂತೆ. ರಸ್ತೆ ಖಾಲಿ. ನಿಂತೇ ಇದ್ದೆ. ಹಿಂತಿರುಗಿ ನೋಡಿದರೆ ಅವರು ಜಗಲಿಯ ಮೇಲೆ ಎದ್ದು ನಿಂತು, ಒಂದು ಕೈ ಕಂಬಕ್ಕೆ ಕೊಟ್ಟು, ಕತ್ತು ಹಾಗೇ ವಾಲಿಸಿಕೊಂಡು ಕೇಳುತ್ತಿದ್ದರು. ಅವರ ಕಣ್ಣು ನನ್ನ ಮೇಲಿರಲಿಲ್ಲ. ಆಮೇಲೆ ಸುಮಾರು ಹೊತ್ತಿಗೆ, ತಿರುವಿನಾಚೆ ಎಲ್ಲೋ ಇಂಜಿನ್ನಿನ ಸದ್ದು ನನಗೂ ಕೇಳಿಸಿತು.